ಆರೋಪಿಯ ಜಾಗದಲ್ಲಿ ನನ್ನ ಹೆಸರು

ಕಳೆದ ತಿಂಗಳು ಅಕ್ಕ ನಿವೃತ್ತರಾದರು. ಬೀಳ್ಕೊಡುಗೆಯ ಸಭೆಯಲ್ಲಿ ಅವರ ಜೂನಿಯರ್ ಎಂದು ನನ್ನನ್ನೂ ಮಾತಾಡಲು ಕರೆದರು. ನಾನು ಮೊದಲೇ ಮಲಯಾಳದಲ್ಲಿ ಬರೆದು, ಬಾಯಿಪಾಠ ಮಾಡಿ, ಕಳಮಶ್ಶೇರಿಯಿಂದ ಮೆಟ್ರೋದಲ್ಲಿ ಬರುವಾಗ ತುಟಿ ಅಲ್ಲಾಡಿಸದೆ ಅಭ್ಯಾಸ ಮಾಡಿಕೊಂಡಿದ್ದೆ. ಮೈಕಿನ ಮುಂದೆ ನಿಂತಾಗ ಅದರಲ್ಲಿ ಉಳಿದದ್ದು ಅವರು ಸೇವೆಗೆ ಸೇರಿದ ವರ್ಷ, ಕೆಲಸ ಮಾಡಿದ ಕೋರ್ಟುಗಳ ಹೆಸರು ಮತ್ತು ಒಂದು ಧನ್ಯವಾದ ಮಾತ್ರ. ಕೆಳಗಿಳಿದು ಬಂದಾಗ ನಮ್ಮ ಗುಮಾಸ್ತ ಉಣ್ಣಿಯೇಟ್ಟ, ಸಮನ್ಸ್ ಓದಿದ ಹಾಗೆ ಬಹಳ ಸ್ಪಷ್ಟವಾಗಿತ್ತು ಎಂದರು. ಅಕ್ಕ ನನ್ನ ಕಡೆ ಬಗ್ಗಿ, "ವಿಶೇಷಣ ಒಂದೂ ಇರ್ಲಿಲ್ಲ, ಒಳ್ಳೇದಾಯ್ತು" ಎಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯಲು ನೋಡುತ್ತಿದ್ದೇನೆ. ಬರೆಯುವಾಗ ವಿಶೇಷಣಗಳು ನುಸುಳಿಯಾವು ಎಂಬ ಭಯದಿಂದ ಅವರ ಹೆಸರು ಹಾಕಿಲ್ಲ. ನನ್ನ ಹೆಸರನ್ನೂ ಹಾಕುವುದಿಲ್ಲ. ಅದು ಆಗಲೇ ಬೇಕಾದಷ್ಟು ಅಪರಾಧಗಳಲ್ಲಿ ಸಿಕ್ಕಿಹಾಕಿಕೊಂಡಿದೆ.

ಅಕ್ಕ ಕೊಚ್ಚಿಯ ಕೋರ್ಟಿನಲ್ಲಿ ಸರ್ಕಾರಿ ವಕೀಲೆಯಾಗಿದ್ದರು. ಎಲ್ಲರಿಗೂ ಅವರು 'ಮೇಡಂ'. ನಾನು ಕಾಸರಗೋಡಿನ ಕನ್ನಡದವಳು ಎಂದು ಗೊತ್ತಾದ ದಿನವೇ ಒಂದು ನಿಯಮ ಹಾಕಿದರು: ಕೋರ್ಟಿನೊಳಗೆ ಮೇಡಂ, ಬುತ್ತಿ ಬಿಚ್ಚಿದ ಮೇಲೆ ಅಕ್ಕ. ಅವರೂ ನಮ್ಮ ಕಡೆಯವರೇ, ಕುಂಬಳೆಯ ಹತ್ತಿರದವರು. ಅರ್ಧ ಆಯುಷ್ಯ ತ್ರಿಪ್ಪುಣಿತ್ತುರದ ಬಾಡಿಗೆ ಮನೆಗಳಲ್ಲಿ ಕಳೆದಿದ್ದರೂ ಅವರ ಮಲಯಾಳಕ್ಕೆ ಕಾಸರಗೋಡಿನ ರಾಗ ಹೋಗಿರಲಿಲ್ಲ. ಇಲ್ಲಿನ ವಕೀಲರು ಅದನ್ನು ಅನುಕರಿಸಿ ನಗುತ್ತಿದ್ದರು. ಪಾಟೀಸವಾಲು ಶುರುವಾದ ಮೇಲೆ ಯಾರೂ ನಗುತ್ತಿರಲಿಲ್ಲ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳುವವರಿಗೆ, ಇನ್ನೂ ಸಾಕ್ಷಿಗಳ ವಿಚಾರಣೆ ಮುಗಿದಿಲ್ಲ ಎನ್ನುತ್ತಿದ್ದರು. ಚೀಲದಲ್ಲಿ ಯಾವಾಗಲೂ ಉಪ್ಪಿನಲ್ಲಿ ಹಾಕಿದ ನೆಲ್ಲಿಕಾಯಿಯ ಒಂದು ಡಬ್ಬಿ. ಕೋರ್ಟಿನ ವರಾಂಡದಲ್ಲಿ ಅಳುತ್ತ ಕೂತ ಹೆಂಗಸರಿಗೆ ಅದರಿಂದ ಒಂದೊಂದು ಕೊಡುವರು. ಆ ಹೆಂಗಸು ದೂರುದಾರಳ ತಾಯಿಯೋ ಆರೋಪಿಯ ತಾಯಿಯೋ ಎಂದು ವಿಚಾರಿಸಿ ಕೊಟ್ಟದ್ದನ್ನು ನಾನು ಕಂಡಿಲ್ಲ. ನೆಲ್ಲಿಕಾಯಿ ಬಾಯಲ್ಲಿರುವಾಗ ಅಳುವುದು ಕಷ್ಟ ಎಂಬುದು ಅವರ ಅನುಭವ.

ನಾನು ಅವರಲ್ಲಿ ಸೇರಿದಾಗ ನನ್ನ ಬಗ್ಗೆ ನನಗೆ ಬಹಳ ಒಳ್ಳೆಯ ಅಭಿಪ್ರಾಯವಿತ್ತು. ಕಳಮಶ್ಶೇರಿಯಲ್ಲಿ ಎಲ್‌ಎಲ್‌ಎಂ ಮುಗಿಸಿದ್ದೆ. ನನ್ನ ಪ್ರಬಂಧವನ್ನು ಗೈಡು ಹೊಗಳಿದ್ದರು. ಅದರಲ್ಲಿ ಅಡಿಟಿಪ್ಪಣಿಗಳೇ ಹೆಚ್ಚು ಜಾಗ ತೆಗೆದುಕೊಂಡಿದ್ದವು ಎಂಬುದನ್ನು ನಾನು ಪಾಂಡಿತ್ಯದ ಗುರುತೆಂದು ತಿಳಿದಿದ್ದೆ. ಯಾರೊಂದಿಗೂ ಹೆಚ್ಚು ಮಾತಾಡದಿರುವುದು, ಯಾರಿಗೂ ನನ್ನ ಮನೆಯ ವಿಷಯ ಹೇಳದಿರುವುದು ನನ್ನ ಘನತೆಯ ಭಾಗವಾಗಿತ್ತು. ಹಾಸ್ಟೆಲಿನಲ್ಲಿ ಎರಡು ವರ್ಷ ನನ್ನ ಕೋಣೆಯಲ್ಲಿದ್ದವಳಿಗೆ ನನಗೊಬ್ಬ ತಮ್ಮನಿದ್ದಾನೆ ಎಂದು ತಿಳಿದದ್ದು ಅವನ ಮದುವೆ ಕಾಗದ ಕೊಟ್ಟಾಗ.

ಅಂಥವಳು ಇಂಗ್ಲಿಷಿನಲ್ಲಿ ಬರೆದುಕೊಟ್ಟ ಮೊದಲ ಕರಡಿನಲ್ಲಿ ಆರೋಪಿ 'ನಿರ್ದಯಿ'ಯಾಗಿದ್ದ, ಅವನ ಕೃತ್ಯ 'ಹೇಯ'ವಾಗಿತ್ತು, ಸಂಚು 'ಪೂರ್ವಯೋಜಿತ'ವಾಗಿತ್ತು. ಅಕ್ಕ ಪ್ರತಿಯೊಂದು ವಿಶೇಷಣದ ಪಕ್ಕದಲ್ಲೂ ಪೆನ್ಸಿಲ್ಲಿನಿಂದ ಕನ್ನಡದಲ್ಲಿ "ಯಾರು ಕಂಡದ್ದು?" ಎಂದು ಬರೆದು ವಾಪಸು ಕೊಟ್ಟರು. ಮರುದಿನ ಉಣ್ಣಿಯೇಟ್ಟ ಆ ಅಕ್ಷರಗಳನ್ನು ತೋರಿಸಿ, ಇದು ಯಾವುದಾದರೂ ಮಂತ್ರವೋ ಎಂದು ಕೇಳಿದರು.

ಆದರೆ ಇದು ಸಣ್ಣದು. ಅವರ ನಿಜವಾದ ಪದ್ಧತಿ ಬೇರೆ ಇತ್ತು. ಕೆಲವು ಕೇಸುಗಳಲ್ಲಿ ಚಾರ್ಜ್‌ಶೀಟ್ ಹಾಕುವ ಮೊದಲು ಪೊಲೀಸರು ಸರ್ಕಾರಿ ವಕೀಲರ ಅಭಿಪ್ರಾಯ ಕೇಳಿ ಫೈಲು ತರುತ್ತಾರೆ. ಇದರಲ್ಲಿ ಆರೋಪ ನಿಲ್ಲುತ್ತದೆಯೇ, ಇಲ್ಲವೇ? ಅಕ್ಕ ಮೊದಲು ನನ್ನಿಂದ ಒಂದು ಕರಡು ಬರೆಸುವರು. ನಾನು 'ನಿಲ್ಲುವುದಿಲ್ಲ' ಎಂದು ಬರೆದಿದ್ದರೆ ಓದಿ ಬದಿಗಿಡುವರು. 'ನಿಲ್ಲುತ್ತದೆ' ಎಂದು ಬರೆದಿದ್ದರೆ ಮಾತ್ರ ಕುರ್ಚಿಯಲ್ಲಿ ಹಿಂದಕ್ಕೊರಗಿ, "ಓದು, ಜೋರಾಗಿ. ಆರೋಪಿಯ ಹೆಸರು ಇರುವಲ್ಲಿ ನಿನ್ನ ಹೆಸರು ಹಾಕು" ಎನ್ನುವರು.

ಹೀಗೆ ನಾನು ಮೆಟ್ರೋ ನಿಲ್ದಾಣದ ಹೊರಗಿಂದ ಬೈಕು ಕದ್ದೆ. ಕೆಲಸ ಕೊಡಿಸುತ್ತೇನೆಂದು ಹೇಳಿ ಜನರಿಂದ ಪಾಸ್‌ಪೋರ್ಟು ತೆಗೆದುಕೊಂಡು ಪರಾರಿಯಾದೆ. ಒಂದು ಮದುವೆ ಮನೆಯಲ್ಲಿ ಕುಡಿದು, ನನ್ನ ಹೆಂಡತಿಯ ಅಣ್ಣನ ತಲೆಗೆ ಪ್ಲಾಸ್ಟಿಕ್ ಕುರ್ಚಿಯಿಂದ ಹೊಡೆದೆ. ನಮ್ಮ ಕೋಣೆಯ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ವರಾಂಡದಲ್ಲಿ ಓಡಾಡುವ ವಕೀಲರು, ಚಹಾ ತರುವವರು, ಕೆಲವೊಮ್ಮೆ ಬೇಡಿ ಹಾಕಿಕೊಂಡವರೂ ನನ್ನ ಕೃತ್ಯಗಳನ್ನು ನನ್ನ ಬಾಯಿಂದಲೇ ಕೇಳುತ್ತಿದ್ದರು. ಮನೆಯ ವಿಳಾಸವನ್ನೇ ಯಾರಿಗೂ ಹೇಳದ ನನ್ನ ಬಗ್ಗೆ ಇಡೀ ಕೋರ್ಟಿಗೆ ಇಷ್ಟು ತಿಳಿಯಿತು. ಕ್ಯಾಂಟೀನಿನಲ್ಲಿ ಉಣ್ಣಿಯೇಟ್ಟ ಎಲ್ಲರ ಮುಂದೆ, ಇವತ್ತು ಯಾವ ಸೆಕ್ಷನ್ನು ಎಂದು ವಿಚಾರಿಸುತ್ತಿದ್ದರು.

ಬೈಕಿನ ಕೇಸಿನಲ್ಲಿ ನಾನು ಪ್ರತಿಭಟಿಸಿದ್ದೆ. ನನಗೆ ಬೈಕು ಓಡಿಸಲೇ ಬರುವುದಿಲ್ಲ ಎಂದೆ.

"ಈ ಹುಡುಗನಿಗೆ ಬರ್ತದೆ ಅಂತ ಫೈಲಿನಲ್ಲಿ ಎಲ್ಲಿ ಉಂಟು?" ಎಂದರು ಅಕ್ಕ.

ಇರಲಿಲ್ಲ. ಸಾಕ್ಷಿ ಕಂಡದ್ದು ನೀಲಿ ಅಂಗಿಯ ಒಬ್ಬನನ್ನು. ಅಂದು ನಾನು ಹಾಕಿಕೊಂಡಿದ್ದ ಕುರ್ತಾ ಕೂಡ ನೀಲಿ.

ಕಾಣೆಯಾದ ಮಗುವಿನ ಕೇಸು ಬಂದದ್ದು ನಾನು ಇದಕ್ಕೆಲ್ಲ ಒಗ್ಗಿಕೊಂಡೆ ಎಂದುಕೊಂಡ ಹೊತ್ತಿಗೆ.

ಮಗುವಿನ ತಾಯಿ ಶೈಲಾ ಧಾರವಾಡದ ಕಡೆಯವರು, ಕೊಚ್ಚಿಯ ಪಕ್ಕದ ಏಲೂರಿನ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ. ಕಳಮಶ್ಶೇರಿಯಲ್ಲಿ ಓದುವಾಗ ಜೊತೆಗಿದ್ದ ಮಲಯಾಳಿ ಹುಡುಗನನ್ನು ಮದುವೆಯಾಗಿ ತಿರುವನಂತಪುರಂನಲ್ಲಿ ಅವನ ಮನೆಯಲ್ಲಿದ್ದರು. ಹೊಂದಾಣಿಕೆ ಆಗದೆ ಮಗಳನ್ನು ಕರೆದುಕೊಂಡು ಏಲೂರಿಗೆ ಬಂದು ಎರಡು ವರ್ಷವಾಗಿತ್ತು. ಮಗಳು ಅಮ್ಮು ಒಂದನೇ ಕ್ಲಾಸು. ಒಂದು ಶುಕ್ರವಾರ ಶಾಲೆ ಬಿಡುವ ಹೊತ್ತಿಗೆ ಅಪ್ಪ ಬಂದು ಗೇಟಿನ ಬಳಿ ನಿಂತಿದ್ದ. ಮಗು ಮಲಯಾಳದಲ್ಲಿ 'ಅಚ್ಛಾ', ಅಪ್ಪಾ, ಎಂದು ಓಡಿಹೋಗಿ ತಬ್ಬಿಕೊಂಡಿತು. ಅದನ್ನು ನೋಡಿದ ಟೀಚರ್ ಕಳಿಸಿಕೊಟ್ಟರು. ಅಷ್ಟೇ. ಅಂದಿನಿಂದ ಅವನ ಫೋನು ಬಂದ್. ತಿರುವನಂತಪುರಂನ ಮನೆಯಲ್ಲಿ ಅವನ ತಾಯಿ ಒಬ್ಬರೇ, ಮಗ ಎಲ್ಲಿದ್ದಾನೋ ಗೊತ್ತಿಲ್ಲ ಎನ್ನುತ್ತಿದ್ದರು. ಪೊಲೀಸರು ಮಗು ಕಾಣೆಯಾಗಿದೆ ಎಂದು ಕೇಸು ದಾಖಲಿಸಿದ್ದರು. ಶೈಲಾಗೆ ಅದು ಸಾಲದು. ಗಂಡನ ಮೇಲೆ ಅಪಹರಣದ ಆರೋಪ ಹೊರಿಸಬೇಕು, ಅವನನ್ನು ಹಿಡಿದು ತರಬೇಕು. ಆರೋಪ ಹೊರಿಸಬಹುದೇ ಎಂದು ಕೇಳಿ ಎಸ್.ಐ. ಫೈಲು ತಂದಿದ್ದರು. ಅವರು ಸಭ್ಯ ಮನುಷ್ಯ. ಗಂಡನ ತಾಯಿಯನ್ನು ಹೆದರಿಸಿದರೆ ಬಾಯಿ ಬಿಟ್ಟಾರು ಎಂದು, ನಿಮ್ಮ ಮಗ ವರ್ಷಗಟ್ಟಲೆ ಜೈಲಿನಲ್ಲಿ ಕೊಳೆಯುತ್ತಾನೆ ಎಂದು ಆಗಲೇ ಹೇಳಿ ಬಂದಿದ್ದರು.

ಶೈಲಾ ಹೇಳಿದ್ದನ್ನು ಬರೆದುಕೊಳ್ಳುವ ಕೆಲಸ ನನ್ನದಾಯಿತು, ಕನ್ನಡ ಬರುತ್ತದೆ ಎಂಬ ಕಾರಣಕ್ಕೆ. ಅವರು ಅಳಲಿಲ್ಲ. ಮಗುವಿಗೆ ಹಾಲು ಕುಡಿದರೆ ವಾಂತಿಯಾಗುತ್ತದೆ, ಇದು ಅವನಿಗೆ ಗೊತ್ತಿಲ್ಲ, ಯಾರಾದರೂ ಹೇಳಬೇಕು ಎಂದು ಎರಡು ಸಲ ಹೇಳಿದರು. ತಿರುವನಂತಪುರಂನಿಂದ ಹೇಗೆ ಬಂದಿರಿ ಎಂದಾಗ ಮಾತ್ರ ಮುಖದಲ್ಲಿ ಸ್ವಲ್ಪ ಕಳೆ ಬಂತು. "ಯೂನಿಫಾರ್ಮ್ ಹೊಲಿಸಾಕ ಹೊಂಟೀವಿ ಅಂತ ಅತ್ತಿ ಮುಂದ ಹೇಳಿ ಮನಿ ಬಿಟ್ಟೆ. ಸೀದಾ ಸ್ಟೇಶನ್ನಿಗೆ ಬಂದು ಸಿಕ್ಕ ರೈಲು ಹತ್ತಿದೆ. ಎಲ್ಲಿದೀವಿ ಅಂತ ಅವಗ ಗೊತ್ತಾಗಾಕ ಎಂಟು ತಿಂಗಳು ಹಿಡೀತ್ರಿ."

ನಾನು ರೋಮಾಂಚಿತಳಾದೆ. ಆ ವಾರ ಬೇರೆ ಕೆಲಸ ಬಿಟ್ಟು ಕರಡು ಬರೆದೆ. ಕಾನೂನು ಹೇಳುವುದು ಸರಳ: ಪೋಷಕರ ವಶದಲ್ಲಿರುವ ಮಗುವನ್ನು ಅವರ ಒಪ್ಪಿಗೆಯಿಲ್ಲದೆ ಒಯ್ದರೆ ಅಪಹರಣ. ತೊಡಕೂ ಸರಳ: ಅಪ್ಪನೂ ಪೋಷಕನೇ. ಮಗು ಯಾರ ಬಳಿ ಇರಬೇಕೆಂದು ಯಾವ ಕೋರ್ಟೂ ಹೇಳಿರಲಿಲ್ಲ. ಈ ತೊಡಕನ್ನು ದಾಟಲು ನಾನು ಹೊರದೇಶದ ತೀರ್ಪುಗಳನ್ನೆಲ್ಲ ಹುಡುಕಿ ಒಂದು ವಾದ ಕಟ್ಟಿದೆ: ಮಗು ಯಾರೊಡನೆ ಬಾಳುತ್ತಿದೆಯೋ ಅವರೇ ಆಗಿನ ಪೋಷಕರು, ಆ ಮನೆಯಿಂದ ಹೇಳದೆ ಒಯ್ದವರು ಯಾರೇ ಆಗಲಿ ಅಪರಾಧಿ. ಬರೆದು ಮುಗಿಸಿದಾಗ ನನಗೆ, ಇದು ಮುಂದೊಂದು ದಿನ ಕಾನೂನು ಪತ್ರಿಕೆಗಳಲ್ಲಿ ಉಲ್ಲೇಖವಾಗುವ ವಾದ ಎನ್ನಿಸಿತ್ತು. ಅಕ್ಕನ ಭಯದಿಂದ ವಿಶೇಷಣಗಳನ್ನು ಕಿತ್ತು ಹಾಕಿದ್ದೆ. ಮೂರನೇ ಪ್ಯಾರಾದಲ್ಲಿ, ತಾಯಿಯ ಹಿನ್ನೆಲೆ ಹೇಳುವಲ್ಲಿ, 'ಅಸಾಧಾರಣ ಧೈರ್ಯದಿಂದ' ಎಂಬುದೊಂದನ್ನು ಮಾತ್ರ ಉಳಿಸಿಕೊಂಡಿದ್ದೆ.

ಅಕ್ಕ ಹಿಂದಕ್ಕೊರಗಿದರು. ನಾನು ಎದ್ದು ನಿಂತು ಓದಿದೆ. ನಾನು, ಮಗುವಿನ ತಂದೆ, ಶುಕ್ರವಾರ ಶಾಲೆಯ ಗೇಟಿನ ಬಳಿ ಕಾದು ನಿಂತೆ. ಮಗುವನ್ನು ಅದು ಬಾಳುತ್ತಿದ್ದ ಮನೆಯಿಂದ ದೂರ ಒಯ್ದೆ. ತಾಯಿಗೆ ಹೇಳಲಿಲ್ಲ. ಎಲ್ಲಿದ್ದೇನೆಂದು ಮುಚ್ಚಿಟ್ಟೆ. ಕೊನೆಯವರೆಗೆ ಧ್ವನಿ ನಡುಗದೆ ಓದಿದೆ. ಈ ಸಲ ಎಲ್ಲಿಯೂ ತೂತಿಲ್ಲ ಎಂದು ನನಗೇ ಗೊತ್ತಾಗುತ್ತಿತ್ತು. ವರಾಂಡದಲ್ಲಿ ಯಾರಾದರೂ ನಿಂತು ಕೇಳುತ್ತಿದ್ದರೆ ಚೆನ್ನಾಗಿತ್ತು ಎಂದೂ ಅನ್ನಿಸಿತು.

"ವಾದ ಗಟ್ಟಿ ಉಂಟು," ಎಂದರು ಅಕ್ಕ. "ಈಗ ಮೂರನೇ ಪ್ಯಾರಾ ಓದು."

ಅದರಲ್ಲಿ ಆರೋಪಿಯ ಹೆಸರೇ ಇಲ್ಲ ಎಂದೆ.

"ಶೈಲಾ ಅಂತ ಉಂಟಲ್ಲ. ಅಲ್ಲಿ ನಿನ್ನ ಹೆಸರು ಹಾಕು. ಆ ಧೈರ್ಯ ಒಂದು ಬಿಟ್ಟುಬಿಡು, ಅದನ್ನು ಯಾರೂ ಕಂಡಿಲ್ಲ."

ಓದಿದೆ. ನಾನು ಯೂನಿಫಾರ್ಮ್ ಹೊಲಿಸಲು ಹೋಗುತ್ತೇನೆಂದು ಮನೆಯವರಿಗೆ ಸುಳ್ಳು ಹೇಳಿದೆ. ಮಗುವನ್ನು ಅದು ಹುಟ್ಟಿದಂದಿನಿಂದ ಬಾಳುತ್ತಿದ್ದ ಮನೆಯಿಂದ ದೂರ ಒಯ್ದೆ. ತಂದೆಗೆ ಹೇಳಲಿಲ್ಲ. ಎಲ್ಲಿದ್ದೇನೆಂದು ಎಂಟು ತಿಂಗಳು...

ಅಲ್ಲಿಗೆ ನಿಲ್ಲಿಸಿದೆ. ಪಕ್ಕದ ಮೇಜಿನಲ್ಲಿ ಟೈಪು ಮಾಡುತ್ತಿದ್ದ ಉಣ್ಣಿಯೇಟ್ಟನೂ ನಿಲ್ಲಿಸಿದರು. ಇಂಗ್ಲಿಷ್ ತನಗೆ ಅಷ್ಟಾಗಿ ಬಾರದು ಎನ್ನುವ ಮನುಷ್ಯ ಅವರು.

"ನಿನ್ನ ವಾದದ ಪ್ರಕಾರ ಮೊದಲನೇ ಆರೋಪಿ ಯಾರು?" ಎಂದು ಅಕ್ಕ ಕೇಳಿದರು. ಸಿಟ್ಟಿನಿಂದಲ್ಲ. ಬುತ್ತಿಯಲ್ಲಿ ಪಲ್ಯ ಯಾವುದು ಎಂದು ಕೇಳುವ ಧ್ವನಿ ಅದು.

ಕಷ್ಟಪಟ್ಟು, ಹೊರದೇಶದ ತೀರ್ಪುಗಳನ್ನು ಆಧಾರ ಕೊಟ್ಟು, ನಾನು ನಮ್ಮ ದೂರುದಾರಳನ್ನೇ ಜೈಲಿಗೆ ಕಳಿಸುವ ವ್ಯವಸ್ಥೆ ಮಾಡಿದ್ದೆ. ಅವಳ ಅಪರಾಧವನ್ನು ದಾಖಲಿಸಿದ್ದೂ ನಾನೇ, ನನ್ನ ಕರಡಿನ ಅತ್ಯಂತ ಚಂದದ ಪ್ಯಾರಾದಲ್ಲಿ. ಅವನ ವಕೀಲರು ಬೇರೇನೂ ಶ್ರಮ ಪಡಬೇಕಾಗಿರಲಿಲ್ಲ.

ಅಕ್ಕ ಅಭಿಪ್ರಾಯವನ್ನು ಅರ್ಧ ಪುಟದಲ್ಲಿ ಬರೆದರು. ಕೋರ್ಟಿನ ಆದೇಶವಿಲ್ಲದಿರುವಾಗ ಇಬ್ಬರೂ ಪೋಷಕರು, ತಂದೆಯ ಮೇಲೆ ಅಪಹರಣದ ಆರೋಪ ನಿಲ್ಲುವುದಿಲ್ಲ, ಮಗುವನ್ನು ಹುಡುಕುವುದು ಮುಂದುವರಿಯಲಿ. ಶೈಲಾ ಅವರನ್ನು ಕರೆಸಿ ಅದನ್ನು ತಾವೇ ಹೇಳಿದರು. ಬೇರೆ ಸರ್ಕಾರಿ ವಕೀಲರು ಇದನ್ನು ಪೊಲೀಸರ ಬಾಯಿಂದ ಹೇಳಿಸುತ್ತಾರೆ. ಅಕ್ಕ ಕೆಟ್ಟ ಸುದ್ದಿಯನ್ನು ಬೇರೆಯವರ ಕೈಯಲ್ಲಿ ಕಳಿಸುತ್ತಿರಲಿಲ್ಲ. ಹೈಕೋರ್ಟಿಗೆ ಹೋಗಿ ಮಗುವನ್ನು ಹಾಜರುಪಡಿಸಲು ಆದೇಶ ಕೇಳಿ, ಅದಕ್ಕೆ ಯಾರ ಮೇಲೂ ಆರೋಪ ಬೇಕಾಗಿಲ್ಲ ಎಂದು ವಿವರಿಸಿದರು. ಶೈಲಾ ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

"ನಾ ಮಾಡಿದ್ದೂ ಅವ ಮಾಡಿದ್ದೂ ಒಂದ ಅಂತೀರೇನು?"

"ಕಾನೂನಿಗೆ ಸದ್ಯ ಒಂದೇ."

"ನೀವು ಹಡದಿದ್ರ ಹಿಂಗ ಮಾತಾಡ್ತಿದ್ದಿಲ್ಲ ಬಿಡ್ರಿ."

ನಾನು ಅಕ್ಕನ ಮುಖ ನೋಡಲಿಲ್ಲ. ಅವರು ಚೀಲದಿಂದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿ ಮೇಜಿನ ಮೇಲಿಟ್ಟರು. ಶೈಲಾ ತೆಗೆದುಕೊಳ್ಳದೆ ಎದ್ದು ಹೋದರು. ಅಕ್ಕ ಒಂದು ನೆಲ್ಲಿಕಾಯಿಯನ್ನು ತಮ್ಮ ಬಾಯಿಗೇ ಹಾಕಿಕೊಂಡು, ಮುಂದಿನ ಫೈಲು ಕೊಡು ಎಂದರು.

ಸಿಟ್ಟಿನಲ್ಲೇ ಆದರೂ ಶೈಲಾ ಹೈಕೋರ್ಟಿಗೆ ಅರ್ಜಿ ಹಾಕಿದರೆಂದು ಎಸ್.ಐ.ಯಿಂದ ತಿಳಿಯಿತು. ಅದೇ ತಿಂಗಳು ತಿರುವನಂತಪುರಂನಲ್ಲಿ ಸರ್ಕಾರಿ ವಕೀಲರಿಗೆ ಏನೋ ಒಂದು ತರಬೇತಿ ಇತ್ತು. ಬ್ಯಾಗು ಹಿಡಿಯಲು ನನ್ನನ್ನೂ ಕರೆದುಕೊಂಡು ಹೋದರು. ತರಬೇತಿ ಮುಗಿದ ಮರುದಿನ ಒಂದು ರಜೆ ಹಾಕಿದ್ದರು. ಯಾವುದೋ ದೇವಸ್ಥಾನ ನೋಡಲಿಕ್ಕಿರಬಹುದು ಎಂದುಕೊಂಡು ನಾನು ಒಳ್ಳೆಯ ಸೀರೆ ಉಟ್ಟಿದ್ದೆ. ಆಟೋ ನಿಂತದ್ದು ಊರ ಅಂಚಿನ ಒಂದು ಸಣ್ಣ ಹೆಂಚಿನ ಮನೆಯ ಮುಂದೆ. ಅದು ಶೈಲಾ ಅವರ ಗಂಡನ ತಾಯಿಯ ಮನೆ.

"ಇದು ನಮ್ಮ ಕೆಲಸ ಅಲ್ಲ," ಎಂದೆ ನಾನು ಇಳಿಯುತ್ತ.

"ಅಲ್ಲ. ಅದಕ್ಕೇ ರಜೆ ಹಾಕಿದ್ದು. ಎಸ್.ಐ.ಗೂ ಹೇಳಿದ್ದೇನೆ. ನೀನು ಬಾಯಿ ತೆರೀಬೇಡ, ಚಾಯ ಕೊಟ್ರೆ ಕುಡಿ."

ಆ ಹೆಂಗಸು ಅಕ್ಕನಿಗಿಂತ ಸ್ವಲ್ಪ ದೊಡ್ಡವರಿರಬಹುದು. ನಾವು ಯಾರೆಂದು ಅಕ್ಕ ನೇರವಾಗಿ ಹೇಳಿದರು. ಅವರು ನಮ್ಮನ್ನು ಹೊರಗೆ ಹಾಕಲಿಲ್ಲ. ಚಾಯ ಮತ್ತು ಬಾಳೆಹಣ್ಣು ಕರಿದ ಪಳಂಪೊರಿ ಕೊಟ್ಟು, ಬಾಗಿಲಿಗೆ ಒರಗಿ ನಿಂತರು. ಅಕ್ಕ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಬಾಳೆಹಣ್ಣಿನ ರುಚಿ, ಕೊಚ್ಚಿಯ ಸೆಖೆ, ಮಂಡಿನೋವು, ಎಲ್ಲ ಮಾತಾಡಿದರು. ಕೊನೆಗೆ ಮೂರು ಸಂಗತಿ ಹೇಳಿದರು. ನಿಮ್ಮ ಮಗನ ಮೇಲೆ ಅಪಹರಣದ ಕೇಸು ಇಲ್ಲ, ಬೇಡ ಎಂದು ಬರೆದವಳು ನಾನೇ. ಸೋಮವಾರ ಹೈಕೋರ್ಟಿನಲ್ಲಿ ಮಗುವಿನ ವಿಷಯ ಬರುತ್ತದೆ, ಅವನು ತಾನಾಗಿ ಮಗುವನ್ನು ಕರೆತಂದರೆ ಕೋರ್ಟು ಅವನ ಮಾತನ್ನೂ ಕೇಳುತ್ತದೆ. ಮಗುವಿಗೆ ಹಾಲು ಆಗಿಬರುವುದಿಲ್ಲವಂತೆ.

ಆ ಹೆಂಗಸು ಮೂರನೆಯದಕ್ಕೆ ಮಾತ್ರ ತಲೆಯಾಡಿಸಿದರು, ಗೊತ್ತಾಗಿದೆ ಎನ್ನುವ ಹಾಗೆ.

ನನ್ನ ಕಣ್ಣು ಆಗ ಹಿತ್ತಲಿನ ಕಡೆಗಿತ್ತು. ಅಲ್ಲಿ ತಂತಿಯ ಮೇಲೆ ಮುಂಡು, ಸೀರೆಗಳ ನಡುವೆ ಒಂದು ಹಳದಿ ಫ್ರಾಕು ಒಣಗುತ್ತಿತ್ತು. ಆರು ವರ್ಷದ ಹುಡುಗಿಯ ಅಳತೆಯದು. ಪಳಂಪೊರಿ ನನ್ನ ಗಂಟಲಲ್ಲಿ ನಿಂತಿತು. ಅಪರಾಧ ಪತ್ತೆ ಮಾಡಿದ್ದು ನನ್ನ ಬದುಕಿನಲ್ಲಿ ಅದೇ ಮೊದಲು, ಬಾಯಿ ತೆರೆಯಬಾರದು ಎಂಬ ಆಜ್ಞೆ ಬೇರೆ. ನಾನು ಕೆಮ್ಮಿದೆ. ಕಣ್ಣು ಅಗಲ ಮಾಡಿದೆ. ಹುಬ್ಬು ಹಾರಿಸಿದೆ. ಆ ಹೆಂಗಸು ಗಾಬರಿಯಾಗಿ ನನಗೆ ನೀರು ತಂದುಕೊಟ್ಟರು.

ಹೊರಡುವಾಗ ಅಕ್ಕ ಚಪ್ಪಲಿ ಮೆಟ್ಟಿಕೊಳ್ಳುತ್ತ, ಮೋಡ ಕಟ್ಟಿದೆ, ಹಿಂದೆ ಒಣಗಲು ಹಾಕಿದ್ದನ್ನು ತೆಗೆದುಕೊಳ್ಳಿ, ಮಗುವಿನ ಬಟ್ಟೆ ಒದ್ದೆಯಾದೀತು ಎಂದು ಅವರಿಗೆ ಹೇಳಿದರು. ಬಾಗಿಲಿಗೆ ಒರಗಿದ್ದ ಕೈ ಸ್ವಲ್ಪ ಜಾರಿತು. 

ಆಟೋದಲ್ಲಿ ನಾನು ಪೊಲೀಸರಿಗೆ ಫೋನು ಮಾಡೋಣ ಎಂದೆ. ಮಾಡಿದ್ದೇನೆ, ನೀನು ನೀರು ಕುಡಿಯುವಾಗಲೇ ಎಸ್.ಐ.ಗೆ ಮೆಸೇಜು ಹೋಗಿದೆ, ಸೋಮವಾರದವರೆಗೆ ದೂರದಿಂದ ನೋಡಿಕೊಂಡಿರಲು ಹೇಳಿದ್ದೇನೆ ಎಂದರು ಅಕ್ಕ. ಅಷ್ಟರಲ್ಲಿ ಅವನು ಮಗುವನ್ನು ಕರೆದುಕೊಂಡು ಇನ್ನೆಲ್ಲಿಗಾದರೂ ಓಡಿಹೋದರೆ ಎಂದೆ. ಹೋಗಬಹುದು ಎಂದರು. ಅಷ್ಟು ನಿರಾಳವಾಗಿ ಹೇಳಿದ್ದಕ್ಕೆ ನನಗೆ ಸಿಟ್ಟು ಬಂತು. ಆಮೇಲೆ ನೋಡಿದರೆ ಅವರ ಕೈ ಚೀಲದ ಜಿಪ್ಪನ್ನು ಎಳೆಯುತ್ತಿತ್ತು, ಮುಚ್ಚುತ್ತಿತ್ತು.

"ಪೊಲೀಸರು ಬಾಗಿಲು ತಳ್ಳಿ ಎತ್ತಿಕೊಂಡು ಬಂದ ಮಗು ಆಮೇಲೆ ಅಮ್ಮನ ಹತ್ರ ಆದ್ರೂ ನಿದ್ದೆ ಮಾಡ್ಲಿಕ್ಕೆ ಉಂಟಾ? ನಂಗೆ ಗೊತ್ತಿಲ್ಲ ಮಾರಾಯ್ತಿ. ನಾನು ಹಡೆದವಳಲ್ಲ," ಎಂದರು.

ಸೋಮವಾರದವರೆಗಿನ ದಿನಗಳನ್ನು ನಾನು ಹೇಗೆ ಕಳೆದೆನೆಂದು ಹೇಳಿದರೆ ನಾಚಿಕೆಯಾಗುತ್ತದೆ. ಶೈಲಾ ಅಕ್ಕನ ಜೊತೆ ಮಾತು ಬಿಟ್ಟಿದ್ದರು, ಹಾಗಾಗಿ ನನಗೆ ಫೋನು ಮಾಡುತ್ತಿದ್ದರು. ಏನಾದರೂ ಗೊತ್ತಾಯಿತೇ ಎಂದು ಕೇಳುವರು. ಗುಟ್ಟು ಕಾಪಾಡುವುದರಲ್ಲಿ ನಾನು ನಿಪುಣೆ ಎಂದು ಜೀವಮಾನವಿಡೀ ನಂಬಿದ್ದೆ. ಆದರೆ ನಾನು ಅಲ್ಲಿಯವರೆಗೆ ಕಾಪಾಡಿದ ಗುಟ್ಟುಗಳನ್ನು ಯಾರೂ ಕೇಳಿಯೇ ಇರಲಿಲ್ಲ ಎಂದು ಆಗ ಹೊಳೆಯಿತು. ಹಳದಿ ಫ್ರಾಕು ಕಂಡೆ ಎಂದುಬಿಟ್ಟರೆ ಶೈಲಾ ಮುಂದಿನ ರೈಲಿಗೆ ಅಲ್ಲಿರುತ್ತಾರೆ, ಅವನು ಮಗುವಿನ ಸಮೇತ ಮಾಯವಾಗುತ್ತಾನೆ. ಹೇಳದಿದ್ದರೆ ಒಬ್ಬ ತಾಯಿ ಹೀಗೆ ಕೇಳುತ್ತಲೇ ಇರುತ್ತಾಳೆ. ನಾನು ಕಾಲೇಜಿನಲ್ಲಿ ಕಲಿತ ನೀತಿಶಾಸ್ತ್ರವನ್ನೆಲ್ಲ ನೆನಪಿಸಿಕೊಂಡು, ಕೊನೆಗೆ ಫೋನನ್ನು ಅಕ್ಕಿ ಡಬ್ಬಿಯಲ್ಲಿ ಹಾಕಿ ಮುಚ್ಚಿದೆ. ಅದು ಅಲ್ಲಿಂದಲೂ ಕೇಳಿಸುತ್ತಿತ್ತು. ಒಮ್ಮೆ ತೆಗೆದು, ಮಗು ಆರೋಗ್ಯವಾಗಿರಬಹುದು ಎಂದು ನನಗೆ ಅನ್ನಿಸುತ್ತದೆ ಎಂದೆ. ಆ ಕಡೆಯಿಂದ ಶೈಲಾ, "ಹಂಗ ಅನಸ್ತದೇನ್ರಿ ನಿಮಗ?" ಎಂದು ಮೆಲ್ಲಗೆ ಕೇಳಿದರು. ಹೌದು ಎಂದೆ. ಅಕ್ಕನ ಮುಂದೆ ಆ ವಾಕ್ಯ ಓದಿದ್ದರೆ ಪಕ್ಕದಲ್ಲಿ ಪೆನ್ಸಿಲ್ಲು ಏನು ಬರೆಯುತ್ತಿತ್ತೆಂದು ನನಗೆ ಗೊತ್ತು. ಆದರೆ ಆ ಒಂದು ಸಲ ನಾನು ಕಂಡೇ ಹೇಳಿದ್ದೆ.

ಸೋಮವಾರ ಊಟದ ಹೊತ್ತಿಗೆ ಅಕ್ಕ, ಹೈಕೋರ್ಟಿನ ಲೈಬ್ರರಿಗೆ ಒಂದು ಪುಸ್ತಕ ಮರಳಿಸಲಿಕ್ಕುಂಟು, ಬಾ ಎಂದರು. ನಾನು ಪುಸ್ತಕ ಹಿಡಿದುಕೊಂಡು ಹೊರಟೆ. ಅದು ಅವರ ಸ್ವಂತ ಪುಸ್ತಕ, ಮೊದಲ ಪುಟದಲ್ಲಿ ಅವರ ಹೆಸರಿತ್ತು ಎಂದು ಲಿಫ್ಟಿನಲ್ಲಿ ಕಂಡಿತು. ನಾನು ಪುಟ ಮುಚ್ಚಿದೆ. ಗೊತ್ತಾಗಲು ಲಿಫ್ಟಿನವರೆಗೆ ಬೇಕಾಯಿತು ಎಂಬುದೇ ಸಾಕಷ್ಟು ಅವಮಾನ.

ಅವನು ಬಂದಿದ್ದ. ಮಗುವನ್ನು ಕರೆದುಕೊಂಡು, ತಾಯಿಯನ್ನೂ ಒಬ್ಬ ವಕೀಲರನ್ನೂ ಜೊತೆಗಿಟ್ಟುಕೊಂಡು, ತಾನಾಗಿಯೇ ಬಂದಿದ್ದ. ನಾವು ಮೇಲೆ ಹೋಗುವಾಗ ಎಲ್ಲ ಮುಗಿದಿತ್ತು. ಎಸ್.ಐ. ಬಂದು ವಿವರ ಹೇಳಿದರು: ಕುಟುಂಬ ನ್ಯಾಯಾಲಯ ತೀರ್ಮಾನಿಸುವವರೆಗೆ ಮಗು ತಾಯಿಯ ಬಳಿ, ಶನಿವಾರ ಭಾನುವಾರ ತಂದೆಯ ಬಳಿ. ವರಾಂಡದ ಈ ತುದಿಯಲ್ಲಿ ಶೈಲಾ ಮಂಡಿಯೂರಿ ಕೂತು ಮಗಳ ಕೂದಲು, ಕಿವಿ, ಮೊಣಕೈ ಎಲ್ಲ ಮುಟ್ಟಿ ನೋಡುತ್ತಿದ್ದರು. ಉಂಡೆಯಾ ಎಂದು ಕನ್ನಡದಲ್ಲಿ ಕೇಳಿದರೆ ಮಗು ಮಲಯಾಳದಲ್ಲಿ ಹೂಂ ಎಂದಿತು. ಹೆದರಿಕೆಯಾಗಿತ್ತಾ ಎಂದರೆ ಇಲ್ಲ ಎಂದಿತು, ಅಚ್ಛಮ್ಮ, ಅಪ್ಪನ ತಾಯಿ, ಕೋಳಿಮರಿ ತಂದುಕೊಟ್ಟ ಕಥೆ ಹೇಳಿತು, ಅದನ್ನೂ ಮಲಯಾಳದಲ್ಲಿ. ಶೈಲಾ ಕೋಳಿಮರಿಯ ಬಣ್ಣ ಕೇಳಿದರು. ಹೆದರಿಕೆ ಆಗಿರಲಿಲ್ಲ ಎಂಬುದು ಅವರಿಗೆ ಸಮಾಧಾನವನ್ನೂ ನೋವನ್ನೂ ಒಟ್ಟಿಗೇ ಕೊಟ್ಟ ಹಾಗಿತ್ತು.

ಅಕ್ಕ ಅಲ್ಲಿ ನಿಲ್ಲುವವರಲ್ಲ. ಮುಗಿದ ಕೆಲಸದ ಸುತ್ತ ಸುಳಿದಾಡಬಾರದು ಎಂಬುದು ಅವರ ಶಿಸ್ತು. ಎರಡು ಗಂಟೆಗೆ ನಮ್ಮ ಕೋರ್ಟಿನಲ್ಲಿ ಅವರ ಸಾಕ್ಷಿ ಕಾಯುತ್ತಿದ್ದ. ತಿರುಗಿ ಹೊರಟಾಗ ಶೈಲಾ ಅವರನ್ನು ನೋಡಿಬಿಟ್ಟರು. ಮಗಳ ಕೈ ಹಿಡಿದುಕೊಂಡೇ ಎದ್ದು ಬಂದು ಎದುರು ನಿಂತರು. ನಮಸ್ಕಾರ ಇಲ್ಲ, ಏನಿಲ್ಲ.

"ಈಗ ಹೇಳ್ರಿ. ಇನ್ನೊಮ್ಮೆ ಅವ ಹಿಂಗ ಹೇಳದ ಕರ್ಕೊಂಡ್ ಹೋದ್ರ ಕೇಸ್ ಆಗ್ತದೋ ಇಲ್ಲೋ?"

"ಆಗ್ತದೆ," ಎಂದರು ಅಕ್ಕ. "ಈಗ ಕೋರ್ಟಿನ ಆದೇಶ ಉಂಟು. ಅವ ಮುರಿದ್ರೆ ನಾನೇ ಬರೆದುಕೊಡ್ತೇನೆ."

"ಅಷ್ಟ ಸಾಕು ನನಗ."

"ನೀವು ಕರ್ಕೊಂಡು ಹೋದ್ರೂ ಆಗ್ತದೆ, ಶೈಲಾ. ನಿಮ್ಮ ಮೇಲೂ ನಾನೇ ಬರೆದುಕೊಡ್ತೇನೆ."

ಆ ಹೊತ್ತಿನಲ್ಲಿ ಅದನ್ನು ಹೇಳಬೇಕಾಗಿತ್ತೇ ಎಂದು ನಾನು ಪುಸ್ತಕವನ್ನು ಎದೆಗೆ ಒತ್ತಿಕೊಂಡೆ. ಶೈಲಾ ಅಕ್ಕನ ಮುಖವನ್ನೇ ನೋಡುತ್ತಿದ್ದರು. ವರಾಂಡದ ಆ ತುದಿಯಲ್ಲಿ ಅವನು ತಾಯಿಯ ಪಕ್ಕ ಗೋಡೆಗೆ ಒರಗಿ ನಿಂತಿದ್ದ, ಹತ್ತಿರ ಬರಬಹುದೋ ಬಾರದೋ ಎಂದು ತಿಳಿಯದವನ ಹಾಗೆ. ಮಗು ಒಮ್ಮೆ ಅತ್ತ ನೋಡಿತು, ಒಮ್ಮೆ ಅಮ್ಮನ ಕೈ ನೋಡಿತು.

ಶೈಲಾ ಬಗ್ಗಿದರು. ಹಿಡಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸುವವರ ಹಾಗೆ ಕೈ ಬಿಟ್ಟರು.

"ಹೋಗು. ಅಪ್ಪಗ ಹೇಳಿ ಬಾ."

ಏನು ಹೇಳಬೇಕು ಎಂದು ಮಗು ಮಲಯಾಳದಲ್ಲಿ ಕೇಳಿತು.

"ಎಲ್ಲಿಗೆ ಹೊಂಟೀವಿ ಅಂತ ಹೇಳು."

ಮಗು ಓಡಿತು. ವಕೀಲರು, ಗುಮಾಸ್ತರು, ಕಕ್ಷಿದಾರರು ಅಡ್ಡ ಬಂದು ಅದರ ತಲೆ ನಮಗೆ ಕಾಣದಾಯಿತು. ಶೈಲಾ ಬಗ್ಗಿದವರು ಬಗ್ಗಿದಂತೆಯೇ, ಖಾಲಿ ಕೈಯನ್ನು ಮುಂದೆ ಚಾಚಿಕೊಂಡು ನಿಂತಿದ್ದರು. ಎರಡು ಗಂಟೆಯಾಗುತ್ತ ಬಂತು ಎಂದು ನಾನು ಅಕ್ಕನಿಗೆ ನೆನಪಿಸಿದೆ. ಅವರು ಕೇಳಿಸಿಕೊಳ್ಳಲಿಲ್ಲ. ಜನರ ಕಾಲುಗಳ ನಡುವಿನಿಂದ ಮಗು ಈ ಕಡೆಗೆ ತಿರುಗಿ ಬರುವವರೆಗೆ ಅಕ್ಕ ಅಲ್ಲಿಂದ ಕದಲಲಿಲ್ಲ.